ಹೆಣಿಗೆಯ ಗಣಿತ

ಜಾತ್ರೆಗೆ ಹೊರಟ ಮಗಳಿಗೆ ತಾಯಿ ಜಡೆ ಹೆಣೆಯುವುದನ್ನು ಸೇಡಂ, ಚಿಂಚೋಳಿಗಳ ಯಾವ ಮನೆಯಲ್ಲಾದರೂ ಕಾಣಬಹುದು. ಕೂದಲನ್ನು ಮೂರು ಎಳೆಗಳಾಗಿ ಸೀಳಿ, ಎಡದ ಎಳೆಯನ್ನು ನಡುವಿನದರ ಮೇಲೆ ದಾಟಿಸುವಳು. ಬಳಿಕ ಬಲದ ಎಳೆಯನ್ನು ಈಗ ನಡುವೆ ಬಂದುದರ ಮೇಲೆ ದಾಟಿಸುವಳು. ಈ ಎರಡೇ ಕ್ರಿಯೆಗಳ ಪುನರಾವರ್ತನೆಯಿಂದ ಜಡೆ ಬೆಳೆಯುತ್ತದೆ.

ಇದರಲ್ಲಿಯೂ ಗಣಿತವಿದೆಯೇ? ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯನು, ಸಂಗೀತ, ವೈದ್ಯ, ವಾಸ್ತು, ಪಾಕಶಾಸ್ತ್ರಗಳಲ್ಲಿಯೂ ಗಣಿತ ಬೇಕೆಂದು ಸಾರಿದನು. ಹೆಣಿಗೆಯ ಗಣಿತವನ್ನು 1925ರಲ್ಲಿ ಶಾಸ್ತ್ರವಾಗಿ ಕಟ್ಟಿದವರು ಎಮಿಲ್ ಆರ್ಟಿನ್ ಎಂಬ ಗಣಿತಜ್ಞರು.

ಶಹಾಬಾದಿ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಹೆಣಿಗೆಯನ್ನು ಬರೆದು ನೋಡಿರಿ. ವಾಡಿ ಜಂಕ್ಷನ್ನಿನ ಹಳಿಗಳು ಒಂದೇ ನೆಲದಲ್ಲಿ ಕೂಡುತ್ತವೆ. ಎಳೆಗಳು ಹಾಗಲ್ಲ, ಒಂದು ಮೇಲೆ, ಇನ್ನೊಂದು ಕೆಳಗೆ. ಆದುದರಿಂದ ಕೆಳಗಿನ ಗೆರೆಯನ್ನು ದಾಟುವೆಡೆಯಲ್ಲಿ ತುಸು ಕಡಿದು ತೋರಿಸಬೇಕು. ಚಿತ್ರದ ಸತ್ಯವೆಲ್ಲ ಆ ಚಿಕ್ಕ ತೆರಪಿನಲ್ಲಿದೆ.

ಈ ದಾಟುಗಳನ್ನು ಅಂಕಿಗಳಲ್ಲಿಯೂ ಬರೆಯಬಹುದು. ಮೊದಲನೆಯ ಸ್ಥಾನದ ಎಳೆ ಎರಡನೆಯದರ ಮೇಲೆ ದಾಟಿದರೆ '1'. ಎರಡನೆಯದು ಮೂರನೆಯದರ ಮೇಲೆ ದಾಟಿದರೆ '2'. ಮೇಲು ಕೆಳಗಾದರೆ ಋಣಚಿಹ್ನೆ. ಆಗ ಜಡೆಯೆಂದರೆ 1, -2, 1, -2. ಋಣಚಿಹ್ನೆಗಳನ್ನು ಮರೆತು 1, 2, 1, 2 ಎಂದು ಬರೆದರೆ ಜಡೆಯಾಗದು, ಹುರಿಗೊಳಿಸಿದ ಹಗ್ಗವಾದೀತು.

ಎರಡೇ ಎಳೆಗಳನ್ನು 1, 1, 1 ಎಂದು ಹೆಣೆದು, ಮೇಲಿನ ತುದಿಗಳನ್ನು ಕೆಳಗಿನ ತುದಿಗಳಿಗೆ ಸುತ್ತಿ ಜೋಡಿಸಿದರೆ, ಕತ್ತರಿಸದೆ ಬಿಡಿಸಲಾಗದ ಗಂಟು ದೊರೆಯುತ್ತದೆ. ಅದನ್ನೇ 1, -1, 1 ಎಂದು ಮಾಡಿದರೆ ಗಂಟು ಸಡಿಲಿ ಬರಿಯ ಬಳೆಯಾಗುತ್ತದೆ. ಪ್ರತಿಯೊಂದು ಗಂಟನ್ನೂ ಹೀಗೆ ಹೆಣಿಗೆಯಿಂದ ಪಡೆಯಬಹುದೆಂದು 1923ರಲ್ಲಿ ಅಲೆಗ್ಸಾಂಡರ್ ಎಂಬ ಗಣಿತಜ್ಞರು ತೋರಿಸಿದರು.

ಅಚ್ಚಿನ ಪುಸ್ತಕದಲ್ಲಿ ಒಂದೇ ತೆರಪು ತಪ್ಪಿದರೂ ಓದುಗನಿಗೆ ಬೇರೆ ಗಂಟೇ ದೊರೆಯುತ್ತದೆ. ಗಣಿತವನ್ನು ಅಂದವಾಗಿ ಅಚ್ಚುಮಾಡಲೆಂದು ಡೊನಾಲ್ಡ್ ಕ್ನೂತ್ ಅವರು 1978ರಲ್ಲಿ 'ಟೆಕ್' ಎಂಬ ಗಣಕ ವ್ಯವಸ್ಥೆಯನ್ನು ಹೊರತಂದರು. ಅದರ ಜೊತೆಗೆ ಬಳಸಲು ಮುಂದೆ ಸಿದ್ಧವಾದ ಉಪಕರಣಗಳಲ್ಲಿ ದಾಟುಗಳ ಸಾಲನ್ನು ಬರೆದುಕೊಟ್ಟರೆ ಸಾಕು. ಗೆರೆಗಳನ್ನೂ ತೆರಪುಗಳನ್ನೂ ಗಣಕಯಂತ್ರವೇ ಎಳೆಯುತ್ತದೆ. ಆದರೆ ಸಾಲಿನಲ್ಲಿ ಚಿಹ್ನೆ ತಪ್ಪಿದರೆ ಅದು ತಪ್ಪನ್ನೂ ಅಷ್ಟೇ ಅಂದವಾಗಿ ಬರೆಯುತ್ತದೆ. ಯಾವ ಎಳೆ ಮೇಲೆ, ಯಾವುದು ಕೆಳಗೆ ಎಂಬುದನ್ನು ಮೊದಲು ಅರಿಯಬೇಕಾದವರು ನಾವೇ. ಜಡೆ ಹೆಣೆಯುವ ತಾಯಿಯ ಬೆರಳುಗಳು ಅದನ್ನು ಎಂದೋ ಅರಿತಿವೆ.