ದುಡಿಮೆಯ ವ್ಯವಸ್ಥೆಯೂ ಕಾಯಕತತ್ತ್ವವೂ

ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಯ ಸ್ಥಾನಕ್ಕೆ ಏರಿಸಿದರೆಂಬುದು ಭಕ್ತರೆಲ್ಲರಿಗೂ ವಿದಿತವಾದ ಮಾತು. ಆದರೆ ಆ ಕಾಯಕಗಳ ಸ್ವರೂಪವೆಂತಹುದೆಂದು ವಿಚಾರಿಸುವವರು ವಿರಳ. ನುಲಿಯ ಚಂದಯ್ಯನವರು ತಾವೇ ಹುಲ್ಲು ಕೊಯ್ದು, ತಾವೇ ಹಗ್ಗ ಹೊಸೆದು, ಮಾರಿ ಬಂದುದರಿಂದ ಜಂಗಮದಾಸೋಹವನ್ನು ನಡೆಯಿಸಿದರು. ಮೇದಾರ ಕೇತಯ್ಯನವರು ಬಿದಿರನ್ನು ಕಡಿದು ತಂದು ಹೆಣೆದರು. ಮೋಳಿಗೆಯ ಮಾರಯ್ಯನವರು ಕಟ್ಟಿಗೆಯ ಹೊರೆ ಹೊತ್ತು ಮಾರಿದರು. ಇವೆಲ್ಲ ಮೊದಲಿನಿಂದ ಕೊನೆಯವರೆಗೆ ಒಂದೇ ಕೈಯಲ್ಲಿ ನಡೆದ ಕಾಯಕಗಳು. ಉಪಕರಣವೂ ಫಲವೂ ದುಡಿದವರವೇ. ಇಂದಿನ ಗೃಹಸ್ಥರ ದುಡಿಮೆಯಾದರೋ ಬಹುಮಟ್ಟಿಗೆ ಹೀಗಿಲ್ಲ. ಹಲವರು ಕೂಡಿ, ಒಬ್ಬರ ಅಪ್ಪಣೆಯಲ್ಲಿ, ಇನ್ನೊಬ್ಬರ ಬಂಡವಾಳದಿಂದ, ಕಾಣದ ಊರಿನ ಪೇಟೆಗಾಗಿ ದುಡಿಯುತ್ತಾರೆ. ಇಂತಹ ದುಡಿಮೆಯೂ ಕಾಯಕವಾಗಬಲ್ಲುದೆ? ಆಗಬೇಕಾದರೆ ಅದರಲ್ಲಿ ಏನಿರಬೇಕು? ಇದು ಭಕ್ತರು ಮನನ ಮಾಡತಕ್ಕ ಪ್ರಶ್ನೆ.

ಹಿಂದಿನ ಕಟ್ಟುಗಳು

ಹಾಸನ ಸೀಮೆಯ ಹಳ್ಳಿಗಳಲ್ಲಿ ಹಿಂದೆ ಆಯದ ಪದ್ಧತಿಯಿತ್ತು. ಕಮ್ಮಾರ, ಬಡಗಿ, ಕುಂಬಾರ, ಮಡಿವಾಳ, ನೀರುಗಂಟಿ ಮೊದಲಾದವರು ವರ್ಷವಿಡೀ ಊರಿನ ಕೆಲಸ ಮಾಡಿ, ಸುಗ್ಗಿಯಲ್ಲಿ ಕಣದಿಂದ ಧಾನ್ಯದ ಪಾಲನ್ನು ಪಡೆಯುತ್ತಿದ್ದರು. ಕೆಲಸವಿಲ್ಲವೆಂಬ ಭಯ ಇದರಲ್ಲಿ ಕಡಿಮೆ. ಆದರೆ ಹುಟ್ಟೇ ಕೆಲಸವನ್ನು ಗೊತ್ತುಮಾಡುತ್ತಿತ್ತು, ಕೆಲಸವೇ ಮರ್ಯಾದೆಯನ್ನು ಗೊತ್ತುಮಾಡುತ್ತಿತ್ತು. ಶರಣರು ಮುರಿದದ್ದು ಈ ಗಂಟನ್ನೇ. ಮಡಿವಾಳ ಮಾಚಯ್ಯನವರು ಬಟ್ಟೆಯನ್ನು ಒಗೆಯುತ್ತಲೇ ಶರಣರ ನಡುವೆ ಹಿರಿಯರೆನಿಸಿದರು. ಜಾತಿಕಸುಬಿಗೂ ಕಾಯಕಕ್ಕೂ ಇರುವ ಅಂತರ ಇಲ್ಲಿಯೇ ತಿಳಿಯುತ್ತದೆ.

ನಾಟಿ ಕುಯ್ಲುಗಳಲ್ಲಿ ಮುಯ್ಯಾಳಿನ ಪದ್ಧತಿ ನಡೆಯುತ್ತಿತ್ತು. ಇಂದು ಒಬ್ಬನ ಗದ್ದೆಯಲ್ಲಿ ಹತ್ತು ಮಂದಿ ದುಡಿದರೆ, ಅವನ ಮನೆಯವರು ಆ ಹತ್ತು ಮಂದಿಯ ಗದ್ದೆಗಳಲ್ಲಿ ದುಡಿದು ತೀರಿಸಬೇಕು. ಇಲ್ಲಿ ಒಡೆಯನೂ ಇಲ್ಲ, ಆಳೂ ಇಲ್ಲ. ಇದಕ್ಕೆ ವಿರುದ್ಧವಾದದ್ದು ಜೀತ. ಸಾಲಕ್ಕಾಗಿ ಮನುಷ್ಯನ ವರ್ಷಗಳನ್ನೇ ಒತ್ತೆಯಿಟ್ಟುಕೊಳ್ಳುವ ಈ ಪದ್ಧತಿಯನ್ನು 1976ರ ಕಾನೂನು ರದ್ದುಗೊಳಿಸಿತು. ಒಂದೇ ಮಣ್ಣಿನಲ್ಲಿ, ಒಂದೇ ಬೆಳೆಗಾಗಿ, ಇಷ್ಟು ಭಿನ್ನವಾದ ಕಟ್ಟುಗಳಿದ್ದುದನ್ನು ಗಮನಿಸಬೇಕು.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಲ್ಪಟ್ಟ ಲಕ್ಷ್ಮೀನರಸಿಂಹ ದೇವಾಲಯ ಮತ್ತೊಂದು ನಿದರ್ಶನ. ಬೈಚೋಜ, ಮಲ್ಲಿತಮ್ಮ ಎಂಬ ಇಬ್ಬರು ಶಿಲ್ಪಿಗಳ ಕೆಲಸ ಅಲ್ಲಿ ಪ್ರಸಿದ್ಧವಾಗಿದೆ. ದೊಡ್ಡ ಕೆಲಸವನ್ನು ಹಂಚಿಕೊಂಡರೂ ಕೈಗಳ ಹೆಸರು ಅಳಿಯಲಿಲ್ಲ.

ನಾಲ್ಕು ತಾಲ್ಲೂಕುಗಳ ಇಂದಿನ ದುಡಿಮೆ

ಹೊಳೆನರಸೀಪುರದ ಹೇಮಾವತಿ ಬಯಲಿನಲ್ಲಿ ಭತ್ತದ ನಾಟಿಗೆ ಈಗ ದಿನಗೂಲಿಯೂ ಉಂಟು, ಎಕರೆಯ ಲೆಕ್ಕದಲ್ಲಿ ಗುಂಪಾಗಿ ಒಪ್ಪಿಕೊಳ್ಳುವ ಗುತ್ತಿಗೆಯೂ ಉಂಟು. ದಿನಗೂಲಿಯಲ್ಲಿ ಒಡೆಯನು ಹೊತ್ತನ್ನು ನೋಡುತ್ತಾನೆ. ಗುತ್ತಿಗೆಯಲ್ಲಿ ಗುಂಪು ತನ್ನ ಹೊತ್ತನ್ನು ತಾನೇ ನೋಡಿಕೊಳ್ಳುತ್ತದೆ. ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಕಾಯಿ ಕೀಳುವವನಿಗೆ ಮರದ ಲೆಕ್ಕ, ಸುಲಿಯುವವನಿಗೆ ಕಾಯಿಯ ಲೆಕ್ಕ. ಅರಕಲಗೂಡಿನ ರಾಮನಾಥಪುರದ ಸುತ್ತ ಹೊಗೆಸೊಪ್ಪನ್ನು ಹದಗೊಳಿಸುವ ಬ್ಯಾರನ್ನಿನ ಬೆಂಕಿಯನ್ನು ಮನೆಮಂದಿ ಸರದಿಯಂತೆ ರಾತ್ರಿಯೆಲ್ಲ ಕಾಯುತ್ತಾರೆ. ಬೆಲೆ ಮಾತ್ರ ತಂಬಾಕು ಮಂಡಳಿಯ ಹರಾಜುಕಟ್ಟೆಯಲ್ಲಿ ನಿಶ್ಚಯವಾಗುತ್ತದೆ. ಕೊಳ್ಳುವವನ ದೇಹಕ್ಕೆ ಕೇಡಾಗುವ ವಸ್ತುವಿನ ಬೆಳೆ ಕಾಯಕವೆನಿಸುವುದೆ ಎಂಬ ಬೇರೊಂದು ಪ್ರಶ್ನೆಯೂ ಇಲ್ಲಿ ಏಳುತ್ತದೆ.

ಹಾಸನದ ಸುತ್ತಲಿನ ಹಳ್ಳಿಗಳಲ್ಲಿ ಹಾಲಿನ ಸಹಕಾರ ಸಂಘಗಳಿವೆ. ಒಂದು ಹಸುವುಳ್ಳ ಬಡವೆಯೂ ಹತ್ತು ಹಸುವುಳ್ಳ ಸಿರಿವಂತನೂ ಒಂದೇ ಸಾಲಿನಲ್ಲಿ ನಿಂತು ಹಾಲನ್ನು ಅಳೆಯಿಸುತ್ತಾರೆ. ಸದಸ್ಯರಾದ ಇಬ್ಬರಿಗೂ ಒಂದೊಂದೇ ಮತ. ಅದೇ ಹಳ್ಳಿಯ ಮಗಳು ಬೆಳಗಾಗುತ್ತಲೇ ಬಸ್ಸನ್ನೇರಿ ಜನರು ಗಾರ್ಮೆಂಟ್ಸ್ ಎಂದು ಕರೆಯುವ ಉಡುಪಿನ ಕಾರ್ಖಾನೆಗೆ ಹೋಗುತ್ತಾಳೆ. ಅಲ್ಲಿ ಒಬ್ಬಳು ಕಾಲರನ್ನು, ಇನ್ನೊಬ್ಬಳು ತೋಳನ್ನು, ಮತ್ತೊಬ್ಬಳು ಗುಂಡಿಯನ್ನು ಹೊಲಿಯುತ್ತಾಳೆ. ಗಂಟೆಗೆ ಇಷ್ಟೆಂದು ಲೆಕ್ಕವಿರುತ್ತದೆ. ತಾಯಿ ಸಂಘದಲ್ಲಿ ಒಡತಿ, ಮಗಳು ಕಾರ್ಖಾನೆಯಲ್ಲಿ ಸಾಲಿನ ಒಂದು ಕೊಂಡಿ. ಒಂದೇ ಮನೆಯೊಳಗೆ ಎರಡು ಲೋಕಗಳ ದುಡಿಮೆ ಕೂಡಿರುವುದು ಹೀಗೆ.

ದೇಶಾಂತರಗಳ ಮಾದರಿ

ಕೆಲಸವನ್ನು ಹೀಗೆ ಚೂರುಮಾಡುವ ಕ್ರಮವನ್ನು 1776ರಲ್ಲಿ ಆಡಂ ಸ್ಮಿತ್ ಎಂಬ ಪಂಡಿತನು ಗುಂಡುಸೂಜಿಯ ತಯಾರಿಕೆಯ ಉದಾಹರಣೆಯಿಂದ ವಿವರಿಸಿದನು. ಇದರಿಂದ ಉತ್ಪನ್ನ ಬಹಳ ಹೆಚ್ಚುವುದೆಂದು ಹೇಳಿದ ಆತನೇ, ಜೀವಮಾನವೆಲ್ಲ ಒಂದೆರಡು ಚಿಕ್ಕ ಕೆಲಸಗಳನ್ನೇ ಮಾಡುವವನ ಬುದ್ಧಿ ಮಂಕಾಗುವುದೆಂದು ಎಚ್ಚರಿಸಿದನು. ಅಮೆರಿಕದಲ್ಲಿ ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಸಾಲಿನ ಮೇಲೆ ಮೋಟಾರುಗಾಡಿಗಳನ್ನು ಜೋಡಿಸತೊಡಗಿದನು. ಬೇಸರದಿಂದ ಕೆಲಸಗಾರರು ಬಿಟ್ಟುಹೋಗುತ್ತಿದ್ದುದರಿಂದ 1914ರಲ್ಲಿ ದಿನಗೂಲಿಯನ್ನು 5 ಡಾಲರಿಗೆ ಏರಿಸಬೇಕಾಯಿತು. ಜಪಾನಿನ ಟೊಯೋಟ ಕಾರ್ಖಾನೆಯಲ್ಲಿ ಸಾಲು ಉಳಿಯಿತು. ಆದರೆ ದೋಷವನ್ನು ಕಂಡ ಯಾವ ಕೆಲಸಗಾರನಾದರೂ ಹಗ್ಗವನ್ನೆಳೆದು ಸಾಲನ್ನು ನಿಲ್ಲಿಸುವ ಅಧಿಕಾರ ದೊರೆಯಿತು. ಸ್ವೀಡನ್ನಿನ ಕಾಲ್ಮಾರ್‌ನಲ್ಲಿ ವೋಲ್ವೋ ಕಂಪನಿ 1974ರಲ್ಲಿ ಸಾಲನ್ನೇ ಬಿಟ್ಟು ಚಿಕ್ಕ ತಂಡಗಳಿಗೆ ಕೆಲಸವನ್ನು ಒಪ್ಪಿಸಿತು. ಆ ಕಾರ್ಖಾನೆ 1994ರಲ್ಲಿ ಮುಚ್ಚಿತು. ಸ್ಪೇಯಿನ್ನಿನ ಮೊಂಡ್ರಗಾನಿನಲ್ಲಿ ಕ್ರೈಸ್ತ ಪಾದ್ರಿಯೊಬ್ಬರ ಪ್ರೇರಣೆಯಿಂದ 1956ರಲ್ಲಿ ಆರಂಭವಾದ ಉದ್ಯಮಗಳಲ್ಲಿ ಸದಸ್ಯರಾದ ಕೆಲಸಗಾರರೇ ಒಡೆಯರು.

ಮೋಟಾರುಗಾಡಿಯೊಂದೇ, ದೇಶಕ್ಕೊಂದು ಕಟ್ಟು. ಯಂತ್ರವಿದ್ದೊಡನೆ ದುಡಿಯುವವನು ಕೊಂಡಿಯಾಗಲೇಬೇಕೆಂಬ ನಿಯಮವಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ಕಟ್ಟನ್ನು ಮನುಷ್ಯರು ಮಾಡಿದರು, ಮನುಷ್ಯರು ತಿದ್ದಬಲ್ಲರು.

ಶರಣರ ಒರೆಗಲ್ಲು

ಹಾಗಾದರೆ ಯಾವ ಕಟ್ಟು ಕಾಯಕಕ್ಕೆ ಸಮೀಪ? ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ಇದಕ್ಕೆ ಬೆಳಕು ಕೊಡುತ್ತದೆ. ಪತಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆ ಮಹಾಶರಣೆ ಹೇಳಿದರು. ದುಡಿಮೆಗೆ ತಕ್ಕುದು ತನ್ನದು, ಮಿಕ್ಕುದು ತನ್ನದಲ್ಲ ಎಂಬುದೇ ಇದರ ತಾತ್ಪರ್ಯ. ಈ ನಿಯಮ ದುಡಿಯುವವನಿಗೆ ಹೇಗೋ ದುಡಿಸುವವನಿಗೂ ಹಾಗೆಯೇ. ಆಳಿನ ಬೆವರಿನಿಂದ ಮಿಕ್ಕುದನ್ನು ತನ್ನದೆಂದು ಬಗೆಯುವ ಒಡೆಯನೂ ಹೆಚ್ಚಿನ ಅಕ್ಕಿಯನ್ನೇ ಮನೆಗೆ ತರುತ್ತಿದ್ದಾನೆ.

ಆದ್ದರಿಂದ ಯಾವ ದುಡಿಮೆಯನ್ನಾದರೂ ನಾಲ್ಕು ಪ್ರಶ್ನೆಗಳಿಂದ ಒರೆಹಚ್ಚಬಹುದು. ಆ ಕೆಲಸವನ್ನು ಹುಟ್ಟಾಗಲಿ ಸಾಲವಾಗಲಿ ಹೇರಿದೆಯೆ? ತಪ್ಪನ್ನು ಕಂಡಾಗ ಹೇಳುವ ಬಾಯಿ ದುಡಿಯುವವನಿಗೆ ಉಂಟೆ? ಕೂಲಿ ನ್ಯಾಯವಾದುದೆ, ಸಕಾಲಕ್ಕೆ ಕೈಸೇರುವುದೆ? ಮಿಕ್ಕುದು ದಾಸೋಹಕ್ಕೆ ಸಲ್ಲುವುದೆ?

ಈ ಪ್ರಶ್ನೆಗಳನ್ನು ಕಾರ್ಖಾನೆಯ ಬಾಗಿಲಲ್ಲಿ ಕೇಳುವ ಮೊದಲು ಗೃಹಸ್ಥನು ತನ್ನ ಗದ್ದೆಯ ಬದುವಿನಲ್ಲಿ ಕೇಳಿಕೊಳ್ಳಬೇಕು. ಸಮಾನ ವೇತನದ ಕಾನೂನು 1976ರಲ್ಲಿಯೇ ಬಂದರೂ, ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೂಲಿ ಕೊಡುವ ರೂಢಿ ಹೊಲಗದ್ದೆಗಳಲ್ಲಿ ಅಳಿದಿಲ್ಲ. ಲಕ್ಕಮ್ಮನವರನ್ನು ಗುರುಸ್ಥಾನದಲ್ಲಿಟ್ಟು ವಂದಿಸುವ ಮನೆಯಲ್ಲಿ ನಾಟಿಗೆ ಬಂದ ಹೆಣ್ಣುಮಗಳ ಕೂಲಿಯನ್ನು ಮುರಿದುಕೊಳ್ಳುವುದು ಯಾವ ಆಚಾರ? ಸಂಜೆ ಕೂಲಿಯನ್ನು ಎಣಿಸಿ ಕೊಡುವ ಕೈಯೂ ಲಿಂಗವನ್ನು ಹಿಡಿಯುವ ಕೈಯೂ ಒಂದೇ ಎಂಬುದನ್ನು ಭಕ್ತನು ಮರೆಯಲಾಗದು.