ಗಣಕಯಂತ್ರದಲ್ಲಿ ರೇಖಾಚಿತ್ರ

ವಿದ್ಯಾರ್ಥಿಯೊಬ್ಬನು ದಾಸವಾಳದ ಹೂವಿನ ಸೀಳುನೋಟವನ್ನು ಪೆನ್ಸಿಲಿನಿಂದ ಅಂದವಾಗಿ ಬರೆದನೆಂದು ಭಾವಿಸೋಣ. ಮೊಬೈಲಿನಿಂದ ಅದರ ಛಾಯಾಚಿತ್ರ ತೆಗೆದು, ವಿಜ್ಞಾನ ಪ್ರದರ್ಶನಕ್ಕಾಗಿ ಗೋಡೆಯಗಲಕ್ಕೆ ಅಚ್ಚು ಹಾಕಿಸಿದರೆ ಏನಾಗುವುದು? ನುಣುಪಾಗಿದ್ದ ದಳದ ಅಂಚು ಮಸುಕಾಗಿ ಮೆಟ್ಟಿಲುಮೆಟ್ಟಿಲಾಗುತ್ತದೆ. ಕೇಸರಗಳು ಒಂದರೊಡನೊಂದು ಕಲೆತುಹೋಗುತ್ತವೆ. ದೋಷವು ಬರೆದ ಕೈಯದಲ್ಲ. ಯಂತ್ರವು ಗೆರೆಯನ್ನು ನೆನಪಿನಲ್ಲಿಟ್ಟುಕೊಂಡ ಬಗೆಯದು.

ಎರಡು ಬಗೆಯ ಗೆರೆಗಳು

ಮೊದಲನೆಯ ಬಗೆಯಲ್ಲಿ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಚೌಕಗಳ ರಾಶಿ. ಎ4 ಅಳತೆಯ ಹಾಳೆಯನ್ನು ಅಂಗುಲಕ್ಕೆ 300ರಂತೆ ವಿಭಾಗಿಸಿದರೆ ಅಗಲದಲ್ಲಿ 2,480, ಉದ್ದದಲ್ಲಿ 3,508, ಒಟ್ಟು ಸುಮಾರು 87 ಲಕ್ಷ ಚೌಕಗಳಾಗುತ್ತವೆ. ಯಾವ ಚೌಕ ಕಪ್ಪು, ಯಾವುದು ಬಿಳಿ ಎಂಬುದಷ್ಟೇ ಯಂತ್ರಕ್ಕೆ ಗೊತ್ತು. ಇದು ದಳದ ಅಂಚೆಂಬುದು ಗೊತ್ತಿಲ್ಲ. ಚಿತ್ರವನ್ನು ಹಿಗ್ಗಿಸಿದಾಗ ಚೌಕವೂ ಹಿಗ್ಗುತ್ತದೆ. ಮೆಟ್ಟಿಲುಗಳಿಗೆ ಇದೇ ಕಾರಣ.

ಎರಡನೆಯ ಬಗೆಯಲ್ಲಿ ಯಂತ್ರವು ಚೌಕಗಳನ್ನು ಬಿಟ್ಟು, ಗೆರೆಯನ್ನೆಳೆಯುವ ನಿಯಮವನ್ನು ಉಳಿಸಿಕೊಳ್ಳುತ್ತದೆ. ಚಿತ್ರವನ್ನು ಎಷ್ಟೇ ಹಿಗ್ಗಿಸಿದರೂ ಆ ನಿಯಮದಂತೆ ಗೆರೆಯನ್ನು ಹೊಸದಾಗಿ ಎಳೆಯುವುದರಿಂದ ಅಂಚು ನುಣುಪಾಗಿಯೇ ಇರುತ್ತದೆ.

ಒಂದು ಪ್ರಯೋಗ

ಈ ನಿಯಮವನ್ನು ಗ್ರಾಫ್ ಕಾಗದದ ಮೇಲೆ ನೀವೇ ಪರೀಕ್ಷಿಸಬಹುದು. ಅ (0, 0), ಬ (4, 8), ಕ (8, 0) ಎಂಬ ಮೂರು ಬಿಂದುಗಳನ್ನು ಗುರುತಿಸಿ, ಅಬ ಮತ್ತು ಬಕ ರೇಖೆಗಳನ್ನೆಳೆಯಿರಿ. ಅವುಗಳ ಮಧ್ಯಬಿಂದುಗಳು (2, 4) ಮತ್ತು (6, 4). ಇವೆರಡನ್ನು ಸೇರಿಸುವ ರೇಖೆಯ ಮಧ್ಯಬಿಂದು (4, 4). ಇದು ನಮ್ಮ ವಕ್ರರೇಖೆಯ ಮೇಲಿದೆ. ಅರ್ಧದ ಬದಲು ಪ್ರತಿ ರೇಖೆಯಲ್ಲಿಯೂ ಕಾಲುಭಾಗವನ್ನು ತೆಗೆದುಕೊಂಡರೆ (2, 3) ದೊರೆಯುತ್ತದೆ. ಮುಕ್ಕಾಲನ್ನು ತೆಗೆದುಕೊಂಡರೆ (6, 3). ಅ ಮತ್ತು ಕ ಬಿಂದುಗಳೊಡನೆ ಇವನ್ನು ಕೂಡಿಸಿದರೆ ಅಂದವಾದ ಕಮಾನು ಮೂಡುತ್ತದೆ. ವಕ್ರರೇಖೆಯು ಬ ಬಿಂದುವನ್ನು ಮುಟ್ಟುವುದೇ ಇಲ್ಲ. ಆದರೂ ಬ ಅದನ್ನು ತನ್ನತ್ತ ಸೆಳೆಯುತ್ತದೆ. ಇಡೀ ಕಮಾನನ್ನು ನೆನಪಿಡಲು ಆರು ಸಂಖ್ಯೆಗಳು ಸಾಕು!

ಈ ರಚನೆಯನ್ನು 1959ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಮೋಟಾರು ಕಾರ್ಖಾನೆಯಲ್ಲಿದ್ದ ಪಾಲ್ ದ ಕಾಸ್ತೆಲ್ಜೋ ಕಂಡುಹಿಡಿದರು. ಸಂಸ್ಥೆಯು ಅದನ್ನು ಗುಟ್ಟಾಗಿಟ್ಟಿತು. ರೆನೋ ಕಾರ್ಖಾನೆಯ ಪಿಯರ್ ಬೆಜಿಯೆ ಅಂತಹವೇ ವಕ್ರರೇಖೆಗಳನ್ನು ಸ್ವತಂತ್ರವಾಗಿ ರೂಪಿಸಿ 1960ರ ದಶಕದಲ್ಲಿ ಪ್ರಕಟಿಸಿದುದರಿಂದ ಅವರ ಹೆಸರೇ ನಿಂತಿತು. ಕಾರಿನ ಮೈಯ ಬಾಗುಗಳಿಗಾಗಿ ಹುಟ್ಟಿದ ಈ ಗಣಿತವೇ ಇಂದು ಚಿತ್ರಕಾರನ ಲೇಖನಿಯಾಗಿದೆ. ಚಿತ್ರ ಬರೆಯುವ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಮೂರರ ಬದಲು ನಾಲ್ಕು ಬಿಂದುಗಳಿರುತ್ತವೆ.

ಬರೆಯುವ ಕ್ರಮ

ಪೆನ್ಸಿಲ್ ಚಿತ್ರವನ್ನು ಯಂತ್ರಕ್ಕೆ ಊಡಿಸಿ, ಇಂಕ್‌ಸ್ಕೇಪ್‌ನಂತಹ ಉಚಿತ ತಂತ್ರಾಂಶದಲ್ಲಿ ತೆರೆದು ತೆಳುವಾಗಿ ಕಾಣುವಂತೆ ಮಾಡಿರಿ. ಅದರ ಮೇಲೆ ಪಾರದರ್ಶಕ ಕಾಗದದಂತಹ ಹೊಸ ಪದರವನ್ನು ಹಾಸಿ, ಅದರಲ್ಲಿ ಮಾತ್ರ ಗೆರೆಯೆಳೆಯಿರಿ. ಬಿಂದುಗಳನ್ನು ಬಾಗು ಬದಲಾಗುವ ಎಡೆಗಳಲ್ಲಿ ಮಾತ್ರ ಇಡಬೇಕು. ಬಿಂದುಗಳು ಹೆಚ್ಚಿದಷ್ಟೂ ಗೆರೆ ನಡುಗುತ್ತದೆ. ಹೊರ ಅಂಚಿಗೆ ದಪ್ಪ ಗೆರೆ, ದಳದ ನರಗಳಿಗೆ ಸಣ್ಣ ಗೆರೆ ಒಪ್ಪುತ್ತದೆ. ಬಣ್ಣ ತುಂಬುವ ಭಾಗದ ಸುತ್ತುಗೆರೆಯನ್ನು ಪೂರ್ಣವಾಗಿ ಮುಚ್ಚಬೇಕು. ಬಿರುಕು ಉಳಿದರೆ ಬಣ್ಣವು ನೆರೆಯ ಭಾಗಕ್ಕೆ ಹರಿಯಬಹುದು.

ಇಲ್ಲಿಯೇ ನಿಜವಾದ ಪರೀಕ್ಷೆಯಿರುವುದು. ಪೆನ್ಸಿಲಿನಲ್ಲಿ ಒಂದೇ ಅಂಚಿಗೆ ನಾಲ್ಕು ಅನುಮಾನದ ಗೆರೆಗಳಿರಬಹುದು. ರೇಖಾಚಿತ್ರದಲ್ಲಿ ಒಂದನ್ನೇ ಆರಿಸಬೇಕು. ಶಲಾಕೆಯು ಕೇಸರನಾಳದ ಒಳಗಿನಿಂದ ಹಾಯುವುದೋ, ಪಕ್ಕದಲ್ಲಿ ನಿಲ್ಲುವುದೋ? ಶಲಾಕಾಗ್ರಗಳು ನಾಲ್ಕೋ, ಐದೋ? ಯಂತ್ರವು ತಪ್ಪು ಗೆರೆಯನ್ನೂ ಅಷ್ಟೇ ನುಣುಪಾಗಿ ಎಳೆಯುತ್ತದೆ. ನೋಡುವವರು ಅದನ್ನೇ ನಂಬುತ್ತಾರೆ. ಆದುದರಿಂದ ಸಂಶಯ ಬಂದೊಡನೆ ಪರದೆಯನ್ನು ಬಿಟ್ಟೆದ್ದು, ಅಂಗಳದ ಗಿಡದಿಂದ ಹೂವೊಂದನ್ನು ತಂದು, ಸೀಳಿ ನೋಡಿರಿ. ಗೆರೆಯನ್ನು ಆಮೇಲೆ ಎಳೆದರಾಯಿತು.