ಮನೆಯ ಬೆಲೆ ಮತ್ತು ಶಾಖದ ಲೆಕ್ಕ

ಮನೆಯನ್ನು ಕೊಳ್ಳುವವರು ಹಲವು ವಿಷಯಗಳನ್ನು ಪರೀಕ್ಷಿಸುತ್ತಾರೆ. ಬಾಗಿಲು ಯಾವ ದಿಕ್ಕಿಗಿದೆ, ಗೋಡೆ ಬಿರುಕು ಬಿಟ್ಟಿದೆಯೆ, ನೀರಿಗೆ ಅನುಕೂಲವಿದೆಯೆ, ಚಕ್ಕುಬಂದಿ ಸರಿಯಾಗಿದೆಯೆ, ಸಾಲದ ಭಾರವಿದೆಯೆ ಎಂದು ವಿಚಾರಿಸುತ್ತಾರೆ. ಆದರೆ ಆ ಮನೆಯು ದಿನಕ್ಕೆ ಎಷ್ಟು ಸೌದೆಯನ್ನು, ಎಷ್ಟು ವಿದ್ಯುತ್ತನ್ನು ನುಂಗುತ್ತದೆ ಎಂದು ಕೇಳುವವರು ವಿರಳ. ಕ್ರಯದ ಹಣವನ್ನು ಒಮ್ಮೆ ಕೊಟ್ಟರೆ ಮುಗಿಯಿತು. ಇಂಧನದ ಹಣವನ್ನಾದರೋ ಆ ಮನೆಯಲ್ಲಿ ವಾಸಿಸುವಷ್ಟು ಕಾಲವೂ ತೆರುತ್ತಲೇ ಇರಬೇಕು.

ಶೀತ ದೇಶಗಳಲ್ಲಿ ಈ ಪ್ರಶ್ನೆಯನ್ನು ಕಾನೂನೇ ಕೇಳುತ್ತದೆ. ಅಲ್ಲಿ ಚಳಿಗಾಲದಲ್ಲಿ ಕೋಣೆಗಳನ್ನು ಬೆಚ್ಚಗಿಡದೆ ಬಾಳುವುದು ಕಷ್ಟ. ಯೂರೋಪಿನ ಒಕ್ಕೂಟವು 2002ರಲ್ಲಿ ಹೊರಡಿಸಿದ ನಿರ್ದೇಶನಕ್ಕೆ ಅನುಸಾರವಾಗಿ ಇಂಗ್ಲೆಂಡಿನಲ್ಲಿ 2007ರಿಂದ ಮಾರಾಟದ ಮನೆಗಳಿಗೆ ಶಕ್ತಿ ಪ್ರಮಾಣಪತ್ರವನ್ನು ಹಂತ ಹಂತವಾಗಿ ಕಡ್ಡಾಯಗೊಳಿಸಲಾಯಿತು. ಅದರಲ್ಲಿ ‘ಎ’ಯಿಂದ ‘ಜಿ’ಯವರೆಗೆ ಏಳು ದರ್ಜೆಗಳುಂಟು. ‘ಎ’ ಎಂದರೆ ಮಿತವ್ಯಯದ ಮನೆ; ‘ಜಿ’ ಎಂದರೆ ದುಂದುವೆಚ್ಚದ ಮನೆ. ಮಾರುವ ಮುನ್ನ ಕೋಣೆ ಕಾಯಿಸುವ ಹಳೆಯ ಯಂತ್ರವನ್ನು ತೆಗೆದು ಹೊಸದನ್ನು ಇರಿಸಿದರೆ ದರ್ಜೆ ಏರುವುದೇ ಎಂಬುದು ಅಲ್ಲಿನ ಗೃಹಸ್ಥರ ಪ್ರಶ್ನೆ. ಉತ್ತಮ ಯಂತ್ರದಿಂದ ದರ್ಜೆ ಏರುವುದು ನಿಜ. ಆದರೆ ಛಾವಣಿಯಿಂದಲೂ ಗೋಡೆಯಿಂದಲೂ ಬಿಸಿಯು ಸೋರಿಹೋಗುತ್ತಿದ್ದರೆ ಆ ಯಂತ್ರದ ಶ್ರಮವೆಲ್ಲ ತೂತುಕೊಡಕ್ಕೆ ನೀರು ಹೊಯ್ದಂತೆ. ಮೊದಲು ಸೋರಿಕೆಯನ್ನು ನಿಲ್ಲಿಸಬೇಕು. ಬಳಿಕ ಯಂತ್ರವನ್ನು ಬದಲಿಸಬೇಕು.

ಈ ಮಾತು ನಮ್ಮ ನಾಡಿಗೂ ಅನ್ವಯಿಸುವುದೇ? ದಾವಣಗೆರೆ ತಾಲ್ಲೂಕಿನ ಲೋಕಿಕೆರೆಯಲ್ಲಿ ಒಂದು ಮನೆಯು ಮಾರಾಟಕ್ಕಿದೆಯೆಂದು ಭಾವಿಸೋಣ. ಅಲ್ಲಿ ಕೋಣೆಗಳನ್ನು ಕಾಯಿಸುವ ಯಂತ್ರ ಬೇಕಿಲ್ಲ. ಆದರೂ ಆ ಮನೆಯಲ್ಲಿ ಶಾಖದ ವ್ಯವಹಾರ ಮೂರು ಕಡೆ ನಡೆಯುತ್ತದೆ: ಅಡಿಗೆಯ ಒಲೆಯಲ್ಲಿ, ಬಚ್ಚಲಿನ ಹಂಡೆಯಲ್ಲಿ ಮತ್ತು ತಲೆಯ ಮೇಲಿನ ಛಾವಣಿಯಲ್ಲಿ. ಮೊದಲಿನ ಎರಡು ಕಡೆ ನಾವು ಬಿಸಿಯನ್ನು ಬಯಸುತ್ತೇವೆ. ಮೂರನೆಯ ಕಡೆ ಅದು ಬೇಡವೆಂದರೂ ಬರುತ್ತದೆ.

ಮೊದಲು ಒಲೆಯನ್ನು ನೋಡೋಣ. ಮೂರು ಕಲ್ಲಿನ ತೆರೆದ ಒಲೆಯಲ್ಲಿ ಉರಿಸಿದ ಸೌದೆಯ ಶಾಖದಲ್ಲಿ ಪಾತ್ರೆಗೆ ತಲಪುವುದು ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಉಳಿದುದು ಗಾಳಿಗೆ ಹೋಗುತ್ತದೆ. ಹೊಗೆಯು ಒಲೆಯ ಮುಂದೆ ಕುಳಿತ ತಾಯಂದಿರ ಕಣ್ಣನ್ನೂ ಶ್ವಾಸಕೋಶವನ್ನೂ ಸೇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗವು ಸ್ಥಾಪನೆಯಾಯಿತು. ವಿಜ್ಞಾನವನ್ನು ಹಳ್ಳಿಗಳ ಉಪಯೋಗಕ್ಕೆ ತರುವುದೇ ಅದರ ಉದ್ದೇಶ. ಅಲ್ಲಿ ರೂಪುಗೊಂಡ ಅಸ್ತ್ರ ಒಲೆಯು 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಿಗೆ ಬಂದಿತು. ಬೆಂಕಿಯನ್ನು ಮುಚ್ಚಿದ ಗೂಡಿನಲ್ಲಿರಿಸಿ, ಬಿಸಿ ಗಾಳಿಯನ್ನು ಒಂದಾದ ಮೇಲೊಂದರಂತೆ ಮೂರು ಪಾತ್ರೆಗಳ ಅಡಿಯಲ್ಲಿ ಹಾಯಿಸಿ, ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಕಳುಹಿಸುವುದು ಅದರ ರಚನೆ. ಸೌದೆ ಕಡಿಮೆ, ಹೊಗೆಯೂ ಕಡಿಮೆ. ಆದರೆ ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಒಳ್ಳೆಯ ಒಲೆಯೂ ಕೆಟ್ಟ ಒಲೆಯಾಗುತ್ತದೆ. ಉಪಕರಣದ ಗುಣವು ಅದನ್ನು ಕಾಪಾಡುವ ಕೈಯಲ್ಲಿದೆ.

ಇನ್ನು ಬಚ್ಚಲು. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 4 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಒಂದು ಕಿಲೋಗ್ರಾಂ ಒಣ ಸೌದೆಯಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ ಶಾಖ ಅಡಗಿದೆ. ಶೇಕಡ 10ರಷ್ಟು ಶಾಖವನ್ನು ಮಾತ್ರ ಹಂಡೆಗೆ ಮುಟ್ಟಿಸುವ ಒಲೆಯಾದರೆ ಈ ಕೆಲಸಕ್ಕೆ ಸುಮಾರು 9 ಕಿಲೋಗ್ರಾಂ ಸೌದೆ ಸುಡಬೇಕು. ಶೇಕಡ 40ರಷ್ಟನ್ನು ಮುಟ್ಟಿಸುವ ಒಲೆಯಾದರೆ ಎರಡೂಕಾಲು ಕಿಲೋಗ್ರಾಂ ಸಾಕು. ವಿದ್ಯುತ್ ಗೀಸರಿನಲ್ಲಿ ಶಾಖವು ಹೆಚ್ಚಾಗಿ ನಷ್ಟವಾಗುವುದಿಲ್ಲವಾದರೂ ಆ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದುದಾದರೆ, ಕಲ್ಲಿದ್ದಲಿನ ಶಾಖದ ಸುಮಾರು ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗಿರುತ್ತದೆ. ಛಾವಣಿಯ ಮೇಲಿನ ಸೌರ ಜಲತಾಪಕಕ್ಕಾದರೋ ಸುಮಾರು 2 ಚದರ ಮೀಟರ್ ಬಿಸಿಲು ಸಾಕು. ಬಯಲುಸೀಮೆಯಲ್ಲಿ ವರ್ಷದ ಬಹುಪಾಲು ದಿನ ಬಿಸಿಲಿಗೆ ಬರವಿಲ್ಲ.

ಮೂರನೆಯದು ಛಾವಣಿ. ಈ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ತೊಲೆ ಜಂತಿಗಳ ಮೇಲೆ ದಪ್ಪನಾಗಿ ಮಣ್ಣನ್ನು ಹರಡಿ ಬಡಿಯುತ್ತಿದ್ದರು. ಹಗಲಿನ ಬಿಸಿಲು ಆ ಮಣ್ಣನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯ ತಂಗಾಳಿ ಬೀಸುತ್ತಿತ್ತು. ಈಗಿನ ತೆಳುವಾದ ಕಾಂಕ್ರೀಟಿನ ಛಾವಣಿಯು ಗಟ್ಟಿಮುಟ್ಟಾದುದು. ಆದರೆ ಉಷ್ಣವನ್ನು ತಡೆಯುವ ಗುಣ ಅದಕ್ಕೆ ಕಡಿಮೆ. ಬೇಸಗೆಯಲ್ಲಿ ಉಷ್ಣತೆಯು 40 ಡಿಗ್ರಿಯ ಸಮೀಪಕ್ಕೆ ಏರಿದಾಗ ಅದರ ಕೆಳಗೆ ಫ್ಯಾನು ತಿರುಗಿದರೂ ಬಿಸಿಗಾಳಿಯೇ ಸುತ್ತುತ್ತದೆ. ಕೇಂದ್ರ ಸರ್ಕಾರವು 2018ರಲ್ಲಿ ವಸತಿ ಕಟ್ಟಡಗಳಿಗಾಗಿ ಪ್ರಕಟಿಸಿದ ‘ಇಕೋ ನಿವಾಸ ಸಂಹಿತೆ’ಯು ಒಂದು ಮಿತಿಯನ್ನು ಹಾಕಿದೆ. ಒಳಗಿಗೂ ಹೊರಗಿಗೂ ಒಂದು ಡಿಗ್ರಿ ಅಂತರವಿದ್ದಾಗ ಛಾವಣಿಯ ಒಂದು ಚದರ ಮೀಟರಿನ ಮೂಲಕ 1.2 ವಾಟ್‌ಗಿಂತ ಹೆಚ್ಚು ಶಾಖ ಹಾಯಬಾರದು. ಬರಿಯ ಕಾಂಕ್ರೀಟಿನ ಛಾವಣಿಯಲ್ಲಿ ಇದು 3 ವಾಟ್‌ಗಿಂತಲೂ ಹೆಚ್ಚು. ಈ ಸಂಹಿತೆಯು ದೊಡ್ಡ ನಿವೇಶನಗಳ ಕಟ್ಟಡಗಳಿಗೆ ಉದ್ದೇಶಿಸಿದುದಾದರೂ ಅದರಲ್ಲಿರುವ ವಿವೇಕ ಚಿಕ್ಕ ಮನೆಗೂ ಸಲ್ಲುತ್ತದೆ. ಛಾವಣಿಗೆ ಬಿಳಿಯ ಸುಣ್ಣ ಬಳಿಯುವುದು, ಮಣ್ಣಿನ ಕುಡಿಕೆಗಳನ್ನು ಬೋರಲು ಹಾಕಿ ಅವುಗಳ ಮೇಲೆ ಗಾರೆ ಮಾಡುವುದು, ಪಡುವಣ ಗೋಡೆಗೆ ಮರದ ನೆರಳು ಒದಗಿಸುವುದು ಇವೆಲ್ಲ ಸುಲಭೋಪಾಯಗಳು.

ಹೀಗೆ ಸುಧಾರಿಸಿದರೆ ಲೋಕಿಕೆರೆಯ ಮನೆಗೆ ಹೆಚ್ಚಿನ ಬೆಲೆ ಬರುವುದೇ? ನಮ್ಮಲ್ಲಿ ಮಾರ್ಗಸೂಚಿ ಬೆಲೆಯನ್ನು ನಿವೇಶನ ಮತ್ತು ಕಟ್ಟಡಗಳನ್ನು ನೋಡಿ ಗೊತ್ತುಮಾಡುತ್ತಾರೆ. ಕ್ರಯಪತ್ರದಲ್ಲಿ ಶಾಖದ ಲೆಕ್ಕಕ್ಕೆ ಸ್ಥಳವಿಲ್ಲ. ಇಂಧನ ದಕ್ಷತಾ ಬ್ಯೂರೋ 2019ರಲ್ಲಿ ಮನೆಗಳಿಗೂ ಒಂದರಿಂದ ಐದು ನಕ್ಷತ್ರಗಳ ಗುರುತನ್ನು ಆರಂಭಿಸಿತು. ಅದನ್ನು ಪಡೆಯುವುದು ಮಾಲೀಕರ ಇಚ್ಛೆಗೆ ಬಿಟ್ಟದ್ದು. ಅದು ಒಂದು ಚದರ ಮೀಟರಿಗೆ ವರ್ಷಕ್ಕೆ ತಗಲುವ ವಿದ್ಯುತ್ ಯೂನಿಟ್ಟುಗಳನ್ನು ಅಳೆಯುತ್ತದೆ. ಒಲೆಯಲ್ಲಿ ಸುಟ್ಟ ಸೌದೆ ಆ ಅಳತೆಗೆ ಸಿಕ್ಕದು. ಆದುದರಿಂದ ಸುಧಾರಣೆಗೆ ಹಾಕಿದ ಹಣವು ಕ್ರಯದಲ್ಲಿ ತಾನಾಗಿಯೇ ಮರಳುವುದೆಂದು ಹೇಳುವಂತಿಲ್ಲ.

ಆದರೆ ಮಾರುವವನ ಕೈಯಲ್ಲಿ ಒಂದು ಸಾಕ್ಷ್ಯವಿದೆ. ಬೆಸ್ಕಾಂ ನೀಡುವ ತಿಂಗಳ ಬಿಲ್ಲಿನಲ್ಲಿ ಬಳಸಿದ ಯೂನಿಟ್ಟುಗಳು ದಾಖಲಾಗಿರುತ್ತವೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದ ಮೇಲೆ ಅನೇಕ ಮನೆಗಳ ಬಿಲ್ಲಿನಲ್ಲಿ ಹಣದ ಮೊತ್ತ ಸೊನ್ನೆಯಾಯಿತು. ಮೊತ್ತ ಸೊನ್ನೆಯಾದ ಮಾತ್ರಕ್ಕೆ ಬಳಕೆ ಸೊನ್ನೆಯಾಗದು. ಕೊಳ್ಳುವವನು ರೂಪಾಯಿಯನ್ನಲ್ಲ, ಹನ್ನೆರಡು ತಿಂಗಳ ಯೂನಿಟ್ಟುಗಳನ್ನು ನೋಡಬೇಕು. ಸೌದೆಯ ಹೊರೆಗಳನ್ನೂ ಅನಿಲದ ಸಿಲಿಂಡರುಗಳನ್ನೂ ಕೇಳಿ ತಿಳಿಯಬೇಕು. ಅಂತಹ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಮುಂದಿಡುವ ಮಾಲೀಕನ ಮಾತಿಗೆ ತೂಕ ಹೆಚ್ಚು.

ಇನ್ನೊಂದು ಭೇದವನ್ನು ಗಮನಿಸಬೇಕು. ಗೀಸರನ್ನು ಕಳಚಿ ಹೊಸ ಮನೆಗೆ ಒಯ್ಯಬಹುದು; ತಣ್ಣನೆಯ ಛಾವಣಿಯನ್ನೂ ಬೆಳೆದ ಮರದ ನೆರಳನ್ನೂ ಒಯ್ಯಲಾಗದು. ಅವು ಮನೆಯೊಡನೆ ಉಳಿದು ಕೊಂಡವರಿಗೆ ಸೇರುತ್ತವೆ. ಮಾರುವ ವರ್ಷದಲ್ಲಿ ಅವಸರದಿಂದ ಮಾಡಿಸಿದ ಸುಧಾರಣೆಯ ಸುಖ ಮಾಡಿಸಿದವರಿಗೆ ದಕ್ಕುವುದಿಲ್ಲ. ಹತ್ತು ವರ್ಷ ಮೊದಲೇ ಮಾಡಿಸಿದವರಿಗೆ ಹತ್ತು ಬೇಸಗೆಗಳ ನೆಮ್ಮದಿ, ಹತ್ತು ವರ್ಷಗಳ ಸೌದೆಯ ಉಳಿತಾಯ, ಒಲೆಯ ಮುಂದಿರುವವರ ಆರೋಗ್ಯ ಇವೆಲ್ಲ ಮೊದಲೇ ಸಂದಿರುತ್ತವೆ. ಕ್ರಯದಲ್ಲಿ ಬರುವುದೇನಿದ್ದರೂ ಮೇಲಿನ ಲಾಭ. ಮನೆಯ ಶಾಖದ ಲೆಕ್ಕವನ್ನು ಮಾರುವ ದಿನ ಬರೆಯುವುದಲ್ಲ, ಬಾಳುವ ದಿನಗಳಲ್ಲಿಯೇ ಬರೆಯತಕ್ಕದ್ದು.

ಅಭ್ಯಾಸ

ಪದಗಳ ಅರ್ಥ
ಚಕ್ಕುಬಂದಿ – ನಾಲ್ಕು ದಿಕ್ಕಿನ ಎಲ್ಲೆ
ಕ್ರಯಪತ್ರ – ಮಾರಾಟದ ಪತ್ರ
ಜಂತಿ – ಛಾವಣಿಗೆ ಹಾಕುವ ಅಡ್ಡಮರ
ಜಲತಾಪಕ – ನೀರು ಕಾಯಿಸುವ ಉಪಕರಣ
ಬೋರಲು – ತಲೆಕೆಳಗು

ಪ್ರಶ್ನೆಗಳು
1. ಅಸ್ತ್ರ ಒಲೆಯ ರಚನೆಯನ್ನು ವಿವರಿಸಿ.
2. ಮಾಳಿಗೆ ಮನೆಗೂ ಕಾಂಕ್ರೀಟಿನ ಮನೆಗೂ ಶಾಖದ ವಿಷಯದಲ್ಲಿರುವ ವ್ಯತ್ಯಾಸವೇನು?
3. ‘ತೂತುಕೊಡಕ್ಕೆ ನೀರು ಹೊಯ್ದಂತೆ’ ಎಂಬ ಮಾತು ಇಲ್ಲಿ ಹೇಗೆ ಒಪ್ಪುತ್ತದೆ?
4. ಕೊಳ್ಳುವವನು ಬಿಲ್ಲಿನಲ್ಲಿ ರೂಪಾಯಿಗಿಂತ ಯೂನಿಟ್ಟುಗಳನ್ನು ನೋಡಬೇಕು. ಏಕೆ?
5. ನಿಮ್ಮ ಮನೆಯಲ್ಲಿ ಒಂದು ತಿಂಗಳಿಗೆ ಬೇಕಾಗುವ ಸೌದೆ, ಅನಿಲ ಮತ್ತು ವಿದ್ಯುತ್ತಿನ ಪಟ್ಟಿ ಮಾಡಿ, ಅದರಲ್ಲಿ ಯಾವುದನ್ನು ಹೇಗೆ ಉಳಿಸಬಹುದೆಂದು ಬರೆಯಿರಿ.